ರೋಗಿಯ ಇಚ್ಛೆ

ಸೇವೆ ಮಾಡಬೇಕೆಂಬ ಆಸೆಯಿಂದೇನೂ ತನುಜಾ ಆ ವ್ಯಾನು ಹತ್ತಿರಲಿಲ್ಲ. ಮೊದಲ ಸಲ ಬರೆದ ನೀಟ್ ಪರೀಕ್ಷೆಯಲ್ಲಿ ಸರ್ಕಾರಿ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಇನ್ನೊಂದು ವರ್ಷ ಮನೆಯಲ್ಲೇ ಕೂತು ಓದಿ ಮತ್ತೆ ಬರೆಯುವುದೆಂದು ತೀರ್ಮಾನವಾಗಿತ್ತು. ಅಜ್ಜಂಪುರದ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಅವಳ ಅಪ್ಪ ರುದ್ರಮೂರ್ತಿಗಳು ಅಷ್ಟರಲ್ಲಾಗಲೇ ಊರಿಗೆಲ್ಲ ಸುದ್ದಿ ಹಂಚಿಬಿಟ್ಟಿದ್ದರು. ಈರುಳ್ಳಿ ಬೀಜ ಕೇಳಲು ಬಂದ ರೈತರು ಕೊಂಚ ದನಿ ಎತ್ತಿದರೂ ಸಾಕು, ಒಳಗೆ ನಮ್ಮ ಡಾಕ್ಟ್ರು ಓದ್ತಾ ಕೂತವ್ರೆ, ಮೆಲ್ಲಗೆ ಮಾತಾಡ್ರಪ್ಪ ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ತನುಜಾಗೆ ಹೆಮ್ಮೆಯೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಯಾವುದೋ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಸಮಾಜಸೇವೆ ಮಾಡಿದ್ದಕ್ಕೆ ಪತ್ರ ಇದ್ದರೆ ಒಳ್ಳೆಯದೆಂದು ಯಾರೋ ಹೇಳಿದರು. ಅದೇ ಸಮಯಕ್ಕೆ ಕಡೂರಿನಿಂದ ವಾರಕ್ಕೆರಡು ದಿನ ಒಂದು ಬಿಳಿ ವ್ಯಾನು ತರೀಕೆರೆ, ಅಜ್ಜಂಪುರದ ಕಡೆ ಓಡಾಡುತ್ತಿತ್ತು. ವಾಸಿಯಾಗದ ಕಾಯಿಲೆ ಬಂದು, ಆಸ್ಪತ್ರೆಯವರು ಇನ್ನು ಮನೆಗೆ ಕರಕೊಂಡು ಹೋಗಿ ಎಂದು ಕಳಿಸಿಬಿಟ್ಟವರನ್ನು ಮನೆಬಾಗಿಲಿಗೇ ಹೋಗಿ ನೋಡಿಕೊಳ್ಳುವ ವ್ಯಾನು ಅದು. ಮಠವೊಂದರ ಭಕ್ತರು ಕೂಡಿ ಕಟ್ಟಿದ ಟ್ರಸ್ಟು ಅದನ್ನು ನಡೆಸುತ್ತಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದ ಡಾಕ್ಟರ್ ಮಲ್ಲಿಕಾಂಬ ಅದರ ಯಜಮಾನಿ. ನರ್ಸು ಶರ್ಮಿಳಾ ಅವರ ಬಲಗೈ.

ಮಲ್ಲಿಕಾಂಬ ಅವಳನ್ನು ಸೇರಿಸಿಕೊಳ್ಳುವಾಗ ಒಂದೇ ಒಂದು ಷರತ್ತು ಹಾಕಿದರು. ಔಷಧಿ ಬಗ್ಗೆ, ಕಾಯಿಲೆ ಬಗ್ಗೆ ರೋಗಿಯ ಹತ್ತಿರವಾಗಲಿ, ಮನೆಯವರ ಹತ್ತಿರವಾಗಲಿ ಒಂದು ಮಾತೂ ಆಡಕೂಡದು. ಬ್ಯಾಗು ಹೊರುವುದು, ಕೂತು ಮಾತು ಕೇಳುವುದು, ಹಾಳೆ ತುಂಬುವುದು, ಇಷ್ಟೇ ಅವಳ ಕೆಲಸ. ಆ ಹಾಳೆಯಲ್ಲಿ ನೋವು ಹತ್ತಕ್ಕೆ ಎಷ್ಟು, ಊಟ ಎಷ್ಟು, ನಿದ್ದೆ ಎಷ್ಟು ಎಂದೆಲ್ಲ ಇತ್ತು. ಕಟ್ಟಕಡೆಗೆ 'ರೋಗಿಯ ಇಚ್ಛೆ' ಎಂದು ಒಂದು ಸಾಲು. ಸಾಮಾನ್ಯವಾಗಿ ಅದನ್ನು ಖಾಲಿ ಬಿಡುವುದೇ ರೂಢಿಯಾಗಿತ್ತು.

ಮೊದಲ ದಿನ ತರೀಕೆರೆಯ ಒಂದು ಮನೆಯಲ್ಲಿ ಶರ್ಮಿಳಾ ಒಬ್ಬ ಮುದುಕಿಯ ಎದೆಯ ಮೇಲಿನ ಬಟ್ಟೆ ಸರಿಸಿದಾಗ ಕಂಡ ಹುಣ್ಣನ್ನೂ, ಮೂಗಿಗೆ ಬಡಿದ ವಾಸನೆಯನ್ನೂ ತಡೆಯಲಾರದೆ ತನುಜಾ ಹೊರಗೋಡಿ ಬೇಲಿ ಹಿಡಿದು ನಿಂತಳು. ಶರ್ಮಿಳಾ ಕೆಲಸ ಮುಗಿಸಿ ಬಂದು ಕೈ ತೊಳೆಯುತ್ತ, ಆ ವಾಸನೆ ಆ ಅಜ್ಜಿಗೂ ಬರುತ್ತೆ ಕಣೇ, ಅದಕ್ಕೇ ಮೊಮ್ಮಕ್ಕಳನ್ನ ಹತ್ತಿರ ಸೇರಿಸಲ್ಲ ಎಂದಳು. ಬೇರೆ ಬುದ್ಧಿಮಾತು ಹೇಳಲಿಲ್ಲ. ಮುಂದಿನ ವಾರ ತನುಜಾ ಒಳಗೇ ನಿಂತಳು. ತಿಂಗಳು ಕಳೆಯುವ ಹೊತ್ತಿಗೆ ಮಾತ್ರೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿದರೆ ವಾಸನೆ ಇಳಿಯುತ್ತದೆಂದು ಕಲಿತಳು. ಒಂದೇ ಮಗ್ಗುಲಲ್ಲಿ ಮಲಗಿದವರನ್ನು ತಿರುಗಿಸುವುದು, ಬಾಯಿ ಒಣಗಿದವರಿಗೆ ಹತ್ತಿಯಲ್ಲಿ ನೀರು ಹಿಂಡುವುದು, ಎಲ್ಲ ಕೈಗೆ ಬಂತು. ವಿದ್ಯಾರ್ಥಿವೇತನದ ಅರ್ಜಿಯ ಗಡುವು ಮುಗಿದದ್ದೂ ಅವಳ ಲಕ್ಷ್ಯಕ್ಕೆ ಬರಲಿಲ್ಲ. ಮೊದಲು ಡಾಕ್ಟರಾಗುವುದೆಂದರೆ ಅವಳಿಗೆ ಒಂದು ಬಿಳಿ ಕೋಟು, ಅಪ್ಪನ ಅಂಗಡಿ ಮುಂದೆ ಒಂದು ಬೋರ್ಡು. ಈಗ ಅದಕ್ಕೆ ಮನುಷ್ಯರ ಮುಖಗಳು ಬಂದಿದ್ದವು. ಇವರನ್ನೆಲ್ಲ ನಾನು ಉಳಿಸಬೇಕು ಅನ್ನುವ ಛಲ ಹುಟ್ಟಿತು. ಮನೆಯಲ್ಲಿ ಪುಸ್ತಕ ಹಿಡಿದರೆ ಮೂರು ಮೂರು ತಾಸು ಮೇಲೇಳುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಬುಕ್ಕಾಂಬುಧಿಯ ತಮ್ಮಯ್ಯ ವ್ಯಾನಿನವರ ಪಟ್ಟಿಗೆ ಸೇರಿದ. ಐವತ್ತೆಂಟು ವರ್ಷದ ಆಳು, ಆ ಊರಿನ ದೊಡ್ಡ ಕೆರೆಯ ನೀರುಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವುದು ಅವನ ಅಪ್ಪನಿಂದ ಅವನಿಗೆ ಬಂದ ಕೆಲಸ. ನೀರಿನ ವಿಷಯಕ್ಕೆ ಅಣ್ಣ ತಮ್ಮಂದಿರೇ ಗುದ್ದಲಿ ಎತ್ತುವ ಕಾಲದಲ್ಲೂ ತಮ್ಮಯ್ಯ ಹಂಚಿದ ಮೇಲೆ ಯಾರೂ ತಕರಾರು ಎತ್ತುತ್ತಿರಲಿಲ್ಲವಂತೆ. ಅನ್ನನಾಳದಲ್ಲಿ ಗಡ್ಡೆ ಬಂದು, ಬೆಂಗಳೂರಿಗೆ ಹೋಗಿ ವಿಕಿರಣದ ಕರೆಂಟು ಕೊಡಿಸಿಕೊಂಡು ಬಂದು, ವರ್ಷದ ಮೇಲೆ ಅದು ಮತ್ತೆ ಎದ್ದಿತ್ತು. ಈಗ ಗಂಜಿಯ ತಿಳಿಯನ್ನು ಚಮಚದಲ್ಲಿ ಕುಡಿಯುವುದೂ ಕಷ್ಟ. ದನಿ ಪೂರಾ ಒಡೆದುಹೋಗಿತ್ತು. ಹತ್ತಿರ ಕೂತು ಬಾಗಿದರೆ ಮಾತ್ರ ಅವನ ಮಾತು ಕೇಳುತ್ತಿತ್ತು. ಹಾಗಾಗಿ ಬಾಗಿ ಕೇಳುವ ಕೆಲಸ ತನುಜಾ ಪಾಲಿಗೆ ಬಂತು.

ಅವನ ಹೆಂಡತಿ ಕರಿಯಮ್ಮ ಮಾತು ಕಡಿಮೆಯ ಹೆಂಗಸು. ಮಗಳು ನಯನ ತನುಜಾ ವಯಸ್ಸಿನವಳೇ. ತರೀಕೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸಕ್ಕಿದ್ದವಳು ಅಪ್ಪನಿಗೋಸ್ಕರ ಬಿಟ್ಟು ಬಂದಿದ್ದಳು. ಜಗಲಿಯ ಮೇಲೆ ಮಂಚ ಹಾಕಿಸಿಕೊಂಡು ತಮ್ಮಯ್ಯ ದಿನವಿಡೀ ಕೆರೆ ಏರಿಯ ಕಡೆ ನೋಡುತ್ತ ಮಲಗಿರುತ್ತಿದ್ದ. ತೂಬಿನ ಹತ್ತಿರ ಹೊಸ ಹುಡುಗ ಯಾರೋ ನೀರು ಬಿಡುವುದು ಸ್ವಲ್ಪ ತಡವಾದರೂ ಇವನಿಗೆ ಇಲ್ಲಿಂದಲೇ ಗೊತ್ತಾಗುತ್ತಿತ್ತು. ತನುಜಾಗೆ ಅವನು ನೀರಿನ ಲೆಕ್ಕಾಚಾರ ಹೇಳಿಕೊಟ್ಟ. ಕಡೆಯ ಗದ್ದೆಯವನಿಗೆ ಮೊದಲು ನೀರು ಕೊಡಬೇಕಂತೆ, ಮೊದಲ ಗದ್ದೆಯವನು ಹೇಗೂ ಕದ್ದು ತಗೋತಾನಂತೆ. ಹೇಳಿ ನಗಲು ಹೋಗಿ ಕೆಮ್ಮಿಬಿಟ್ಟ.

ಡಿಸೆಂಬರಿನ ಒಂದು ಶುಕ್ರವಾರ ಶರ್ಮಿಳಾ ಒಳಗೆ ಕರಿಯಮ್ಮನಿಗೆ ನೋವಿನ ಔಷಧಿಯ ಅಳತೆ ತೋರಿಸುತ್ತಿದ್ದಳು. ನಯನ ನೀರಿಗೆ ಹೋಗಿದ್ದಳು. ತಮ್ಮಯ್ಯ ತನುಜಾಳನ್ನು ಕಣ್ಣಲ್ಲೇ ಹತ್ತಿರ ಕರೆದ.

"ನನ್ನ ಎಲ್ಲಿಗೂ ಒಯ್ಯಬ್ಯಾಡಿ ಕಣವ್ವ. ಈ ಜಗಲಿ ಸಾಕು ನಂಗೆ," ಎಂದ. ಉಸಿರು ತಗೊಂಡು ಮತ್ತೆ ಹೇಳಿದ: "ಮಗಳಿಗೆ ಆಸೆ ಜಾಸ್ತಿ. ಅವಳು ಅತ್ಕಂಡು ಕೇಳಿದ್ರೆ ನಂಗೆ ಇಲ್ಲ ಅನ್ನಕಾಗಲ್ಲ. ಅವತ್ತು ನೀವು ಒಂದ್ಮಾತು ಹೇಳ್ಬೇಕು."

ತನುಜಾ ಆಯಿತೆಂದು ತಲೆಯಾಡಿಸಿದಳು. ಹಾಳೆಯ ಕಡೆಯ ಸಾಲಿನಲ್ಲಿ 'ಮನೆಯಲ್ಲೇ ಇರಲು ಬಯಸುತ್ತಾರೆ' ಎಂದು ಬರೆದಳು. ಮಗಳ ವಿಷಯ ಬರೆಯಲು ಜಾಗ ಸಾಲಲಿಲ್ಲ. ಶರ್ಮಿಳಾಗೆ ವ್ಯಾನಿನಲ್ಲಿ ಹೇಳೋಣವೆಂದುಕೊಂಡಳು. ವ್ಯಾನಿನಲ್ಲಿ ಬೇರೆ ಏನೋ ಮಾತು ಬಂತು, ಮರೆತಳು.

ಸಂಕ್ರಾಂತಿ ಕಳೆದ ಮೇಲೆ ಮಲ್ಲಿಕಾಂಬ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೂರು ವಾರ ರಜೆ ಹಾಕಿದರು. ಶರ್ಮಿಳಾ ಒಬ್ಬಳೇ ಎಲ್ಲ ಮನೆಗಳನ್ನೂ ನೋಡಬೇಕಾಯಿತು. ಒಂದು ಮನೆಯಲ್ಲಿ ಹತ್ತು ನಿಮಿಷ ಹೆಚ್ಚಿಗೆ ಕೂರಲೂ ಬಿಡುವಿಲ್ಲ. ಆ ವಾರವೇ ನಯನ ತನುಜಾಳನ್ನು ಹಿತ್ತಲಿಗೆ ಕರೆದು, ನಿಜಕ್ಕೂ ಇನ್ನೇನೂ ಮಾಡಕ್ಕಾಗಲ್ವಾ ಅಂತ ಕೇಳಿದಳು. ನರ್ಸಕ್ಕ ಸಮಾಧಾನ ಹೇಳ್ತಾರೆ, ಡಾಕ್ಟ್ರಮ್ಮ ತಲೆ ಸವರ್ತಾರೆ, ನಿಜ ಯಾರೂ ಹೇಳಲ್ಲ, ನೀನು ಡಾಕ್ಟ್ರಿಗೆ ಓದ್ತಿದೀಯಲ್ಲ, ನೀನಾದ್ರೂ ಹೇಳು ಅಂದಳು. ತನುಜಾಗೆ ಆ ಷರತ್ತು ನೆನಪಿತ್ತು. ಆದರೆ ಅಷ್ಟು ದಿನದಲ್ಲಿ ಅವಳನ್ನು ಯಾರೂ ಹಾಗೆ, ಗೊತ್ತಿರುವವಳೆಂಬ ನಂಬಿಕೆಯಿಂದ, ಕೇಳಿರಲಿಲ್ಲ. ಹುಡುಕಿ ಹೇಳ್ತೀನಿ ಅಂದುಬಿಟ್ಟಳು.

ಎರಡು ದಿನ ಭೌತಶಾಸ್ತ್ರದ ಪುಸ್ತಕ ಪಕ್ಕಕ್ಕಿಟ್ಟು ಮೊಬೈಲಿನಲ್ಲಿ ಹುಡುಕಿದಳು. ಅನ್ನನಾಳ ಮುಚ್ಚಿಕೊಂಡವರಿಗೆ ಒಳಗೆ ಒಂದು ಜಾಲರಿ ಕೊಳವೆ ಕೂರಿಸುತ್ತಾರೆ, ಅದಕ್ಕೆ ಸ್ಟೆಂಟ್ ಅನ್ನುತ್ತಾರೆ, ಕೂರಿಸಿದ ಮೇಲೆ ಮೆತ್ತಗಿನ ಊಟ ಮಾಡಬಹುದು ಎಂದಿತ್ತು. ಒಂದು ವಿಡಿಯೋದಲ್ಲಿ ತಮ್ಮಯ್ಯನಷ್ಟೇ ವಯಸ್ಸಿನ ಒಬ್ಬ ಇಡ್ಲಿ ಮುರಿದು ತಿನ್ನುತ್ತಿದ್ದ. ತನುಜಾ ಅದನ್ನು ನಯನಾಗೆ ಕಳಿಸಿದಳು. ಕೆಳಗೆ, ಇದನ್ನ ಕೇಳಿ ನೋಡಿ, ಯಾಕೆ ಇಲ್ಲಿವರೆಗೆ ಯಾರೂ ಮಾಡಿಲ್ಲವೋ ಗೊತ್ತಿಲ್ಲ ಎಂದು ಬರೆದಳು. ಆ ಎರಡನೆಯ ವಾಕ್ಯ ಬರೆಯುವಾಗ ಅವಳಿಗೆ ಒಳಗೊಳಗೇ ಒಂದು ಬಿಂಕವಿತ್ತು. ಆ ಬಿಂಕವನ್ನು ಅವಳು ಮುಂದೆ ಎಷ್ಟೋ ದಿನ ಮರೆಯಲಾಗದೆ ಒದ್ದಾಡಿದಳು.

ಶರ್ಮಿಳಾಗೆ ವಿಷಯ ತಿಳಿಯುವ ಹೊತ್ತಿಗೆ ನಯನ ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಫೋನು ಮಾಡಿ, ಕಾರು ಗೊತ್ತುಮಾಡಿಯಾಗಿತ್ತು. ಡಾಕ್ಟ್ರಮ್ಮ ಬರಲಿ, ಎಂಟು ದಿನ ತಡೀರಿ ಎಂದು ಶರ್ಮಿಳಾ ಬೇಡಿಕೊಂಡಳು. ಎಂಟು ದಿನ ಅಪ್ಪ ಏನು ಉಣ್ಣಬೇಕು ಅಂತ ನಯನ ಕೇಳಿದಳು.

ಭಾನುವಾರ ಬೆಳಿಗ್ಗೆ ತನುಜಾ ಬಸ್ಸಿನಲ್ಲಿ ಬುಕ್ಕಾಂಬುಧಿಗೆ ಹೋದಳು. ನಯನಾಳೇ ಬರಹೇಳಿದ್ದಳು, ಅಪ್ಪ ಹೊರಡಲು ಒಪ್ಪುತ್ತಿಲ್ಲ, ನಿನ್ನ ಮಾತು ಕೇಳ್ತಾರೆ ಎಂದಿದ್ದಳು. ತಮ್ಮಯ್ಯನಿಗೆ ಒಗೆದ ಅಂಗಿ ತೊಡಿಸಿ ಜಗಲಿಯ ಮೇಲೆ ಕೂರಿಸಿದ್ದರು. ಕರಿಯಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ನಯನ ಅಪ್ಪನ ಕಾಲ ಬಳಿ ಕೂತು ಅಳುತ್ತಿದ್ದಳು. ತನುಜಾ ಹತ್ತಿರ ಹೋಗಿ ಎಂದಿನಂತೆ ಬಾಗಿದಳು.

"ನೀವೇನಂತೀರವ್ವ?" ಎಂದ ತಮ್ಮಯ್ಯ.

ಅಷ್ಟೇ ಅವನು ಕೇಳಿದ್ದು. ಏನು ಕೇಳುತ್ತಿದ್ದಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡಿಸೆಂಬರಿನ ಆ ಶುಕ್ರವಾರ ಅವಳ ಕಣ್ಣಮುಂದೆಯೇ ಇತ್ತು. ಆದರೆ ಇಡ್ಲಿ ತಿನ್ನುವ ಆ ಮನುಷ್ಯನೂ ಕಣ್ಣಮುಂದೆ ಇದ್ದ. ಇವನಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ, ಹದಿನೈದು ದಿನ ಕಳೆದ ಮೇಲೆ ಇವನೇ ಒಪ್ಪುತ್ತಾನೆ ಅನ್ನಿಸಿತು.

"ಹೋಗಿ ಬನ್ನಿ ತಮ್ಮಯ್ಯನೋರೆ. ಬಂದ್ಮೇಲೆ ಮೆತ್ತಗೆ ಮುದ್ದೆ ಉಣ್ಬಹುದು," ಎಂದಳು.

ಅವನು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಆಯಿತೆಂದು ತಲೆಯಾಡಿಸಿ, ಎಬ್ಬಿಸಿ ಎಂಬಂತೆ ಮಗಳ ಕಡೆ ಕೈ ಚಾಚಿದ.

ಶಿವಮೊಗ್ಗದ ಡಾಕ್ಟರು ಏನೂ ಮುಚ್ಚಿಡಲಿಲ್ಲ. ಗಡ್ಡೆ ಉಸಿರಿನ ಕೊಳವೆಗೆ ಒತ್ತಿಕೊಂಡಿದೆ, ಸ್ಟೆಂಟು ಒಳಗೆ ಅಗಲವಾದಾಗ ಉಸಿರಿಗೇ ತೊಂದರೆಯಾಗಬಹುದು ಎಂದು ತಿಳಿಸಿಯೇ ನಯನ ಕೈಲಿ ರುಜು ಹಾಕಿಸಿಕೊಂಡಿದ್ದರು. ಅಪಾಯ ಎಲ್ಲದರಲ್ಲೂ ಇದ್ದೇ ಇರುತ್ತದಲ್ಲ ಎಂದುಕೊಂಡು ನಯನ ರುಜು ಹಾಕಿದ್ದಳು. ಅವರು ಹೆದರಿದ್ದೇ ಆಯಿತು. ಕೊಳವೆ ಕೂರಿಸಿದ ಸಂಜೆಯೊಳಗೆ ಉಸಿರು ಕಟ್ಟಿತು. ಬಾಯಿಗೆ ಇನ್ನೊಂದು ಕೊಳವೆ ಹಾಕಿ, ಯಂತ್ರಕ್ಕೆ ಕೂಡಿಸಿ, ಐಸಿಯು ಒಳಗೆ ಮಲಗಿಸಿದರು.

ಐದನೆಯ ದಿನ ತನುಜಾ ನೋಡಲು ಹೋದಳು. ದಿನಕ್ಕೊಬ್ಬರಿಗೆ ಹತ್ತು ನಿಮಿಷ ಮಾತ್ರ ಒಳಗೆ ಬಿಡುತ್ತಿದ್ದರು. ಆ ದಿನದ ಹತ್ತು ನಿಮಿಷವನ್ನು ನಯನ ಅವಳಿಗೆ ಬಿಟ್ಟುಕೊಟ್ಟಳು. ನೀನು ನೋಡಿದ್ರೆ ನಿಂಗೆ ಅರ್ಥ ಆಗುತ್ತೆ, ನಂಗೆ ಅವರು ಹೇಳೋದು ಒಂದೂ ತಿಳಿಯಲ್ಲ ಎಂದಳು. ಅವಳು ಇನ್ನೂ ತನುಜಾಳನ್ನು ನಂಬಿದ್ದಳು.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಎಂಟು ಹಾಸಿಗೆ. ತಮ್ಮಯ್ಯನದು ಆರನೆಯದು. ಕೊಳವೆ ಕಿತ್ತುಕೊಳ್ಳುತ್ತಾನೆಂದು ಎರಡೂ ಮುಂಗೈಗಳನ್ನು ಮೆತ್ತನೆ ಬಟ್ಟೆಯಲ್ಲಿ ಮಂಚದ ಸರಳಿಗೆ ಕಟ್ಟಿದ್ದರು. ಬಾಯಿಯ ಅಂಚು ಹರಿದು ಒಣಗಿತ್ತು. ತನುಜಾ ಹತ್ತಿ ಹುಡುಕಿದಳು, ಸಿಗಲಿಲ್ಲ. ಕರವಸ್ತ್ರದ ತುದಿ ನೆನೆಸಿ ಒರೆಸಿದಳು. ತಮ್ಮಯ್ಯ ಕಣ್ಣು ಬಿಟ್ಟ. ಗುರುತು ಹಿಡಿದ. ಕಟ್ಟಿದ್ದ ಕೈಯ ಬೆರಳುಗಳು ಅಲ್ಲಾಡಿದ್ದನ್ನು ಕಂಡು ಅವಳು ತನ್ನ ಕೈ ಇಟ್ಟಳು. ಅವನು ಅದನ್ನು ಹಿಡಿದು, ಉಗುರು ನಾಟುವ ಹಾಗೆ ಒತ್ತಿದ. ಅದು ಸಿಟ್ಟೋ, ಜೊತೆಗಿರು ಅನ್ನುವುದೋ, ಬಿಡಿಸು ಅನ್ನುವುದೋ ಅವಳಿಗೆ ತಿಳಿಯಲಿಲ್ಲ. ಬಾಗಿದಳು; ಅಭ್ಯಾಸಬಲ. ಯಂತ್ರದ ಉಸಿರು ಬಿಟ್ಟು ಬೇರೇನೂ ಕೇಳಲಿಲ್ಲ. ಹತ್ತು ನಿಮಿಷ ಮುಗಿಯಿತೆಂದು ನರ್ಸು ಬಂದು ಹೇಳಿದಾಗ ಅವಳೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

ಹನ್ನೊಂದನೆಯ ದಿನ ಮಧ್ಯಾಹ್ನ, ಯಾರನ್ನೂ ಒಳಗೆ ಬಿಡದ ಹೊತ್ತಿನಲ್ಲಿ, ತಮ್ಮಯ್ಯ ಹೋದ. ಬಾಗಿಲ ಹೊರಗಿನ ಕುರ್ಚಿಯ ಮೇಲೆ ಕರಿಯಮ್ಮ, ನಯನ ಇಬ್ಬರೂ ಕೂತಿದ್ದರಂತೆ.

ಮಣ್ಣು ಮಾಡಿದ ಮರುದಿನ ತನುಜಾ ಕಡೂರಿಗೆ ಹೋಗಿ ಮಲ್ಲಿಕಾಂಬ ಅವರ ಮನೆಯ ಬಾಗಿಲು ತಟ್ಟಿದಳು. ಅವರು ಇನ್ನೂ ಕಪ್ಪು ಕನ್ನಡಕದಲ್ಲಿದ್ದರು. ತನುಜಾ ನಿಂತುಕೊಂಡೇ ಎಲ್ಲ ಹೇಳಿದಳು: ವಿಡಿಯೋ ಕಳಿಸಿದ್ದು, ಆ ವಾಕ್ಯ ಬರೆದದ್ದು, ಭಾನುವಾರ ಹೋಗಿದ್ದು, ಡಿಸೆಂಬರಿನಲ್ಲಿ ತಮ್ಮಯ್ಯ ತನ್ನ ಕೈಲಿ ಮಾತು ತಗೊಂಡಿದ್ದು. ಮಲ್ಲಿಕಾಂಬ ಒಳಗಿನಿಂದ ತಮ್ಮಯ್ಯನ ಫೈಲು ತರಿಸಿ, ಆ ಹಾಳೆ ಹುಡುಕಿ, ಅವಳ ಅಕ್ಷರವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಸ್ಟೆಂಟಿನ ಯೋಚನೆ ನನಗೂ ಬಂದಿತ್ತು, ಸ್ಕ್ಯಾನು ನೋಡಿಯೇ ಕೈಬಿಟ್ಟೆ ಎಂದರು. ಬಯ್ದಾರೆಂದು ಅವಳು ಕಾದಳು. ಬಯ್ಯಲಿಲ್ಲ. ತಲೆ ಸವರಿ ಸಮಾಧಾನವನ್ನೂ ಹೇಳಲಿಲ್ಲ.

"ನೀನು ಮಾಡಿದ್ದು ತಪ್ಪು. ಅದನ್ನ ಸಣ್ಣದು ಮಾಡಿ ಹೇಳಲ್ಲ ನಾನು," ಎಂದರು. "ಸ್ಟೆಂಟಿನ ವಿಷಯ ಅಲ್ಲ ನಾನು ಹೇಳ್ತಿರೋದು. ಅದನ್ನ ಓದಿರೋ ಡಾಕ್ಟ್ರುಗಳೂ ಹೇಳ್ತಿದ್ರೇನೋ. ಆದ್ರೆ ಆ ಮನುಷ್ಯ ತನ್ನ ಮಾತನ್ನ ನಿನ್ನ ಕೈಲಿಟ್ಟಿದ್ದ. ಅದನ್ನ ನೀನು ಇಟ್ಕೊಂಡು ಕೂತೆ."

ತನುಜಾ ಅಳತೊಡಗಿದಳು. ಮಲ್ಲಿಕಾಂಬ ಅಳಲು ಬಿಟ್ಟರು. ನಾನೂ ಆ ಮಗಳನ್ನು ಎದುರಿಗೆ ಕೂರಿಸಿಕೊಂಡು, ಯಾಕೆ ಆಗಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕಿತ್ತು, ತಲೆ ಸವರಿ ಎದ್ದು ಬಂದೆ, ಆ ತಪ್ಪು ನನ್ನದು ಎಂದು ಕಡೆಗೆ ಹೇಳಿದರು. ಹೊರಡುವಾಗ, ಇನ್ನು ಡಾಕ್ಟರಾಗಲು ನನಗೆ ಯೋಗ್ಯತೆಯಿಲ್ಲ ಅಂತ ತನುಜಾ ಅಂದಳು. ಅದು ಇವತ್ತು ತೀರ್ಮಾನ ಮಾಡೋ ವಿಷಯ ಅಲ್ಲ, ಮೊದಲು ಆ ಮನೆಗೆ ಹೋಗು ಎಂದರು ಮಲ್ಲಿಕಾಂಬ.

ಹೋಗಲು ಅವಳಿಗೆ ಹನ್ನೆರಡು ದಿನ ಹಿಡಿಯಿತು. ಬುಕ್ಕಾಂಬುಧಿಯಲ್ಲಿ ಇಳಿದು ನಡೆದು ಹೋದಾಗ ಮನೆ ಮುಂದೆ ಕರಿಯಮ್ಮ ಹುರುಳಿ ಬಡಿಯುತ್ತಿದ್ದಳು. ನಯನ ಜಗಲಿಯ ಮೇಲೆ ಕೂತು ಮರಣ ಪ್ರಮಾಣಪತ್ರದ ಅರ್ಜಿ ತುಂಬುತ್ತಿದ್ದಳು. ಮಂಚ ತೆಗೆದಿದ್ದರು. ತನುಜಾ ಕೂರಲಿಲ್ಲ. ಡಿಸೆಂಬರಿನಲ್ಲಿ ತಮ್ಮಯ್ಯ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಮಗಳು ಕೇಳಿದರೆ ಇಲ್ಲ ಅನ್ನಲಾಗುವುದಿಲ್ಲ ಅಂದದ್ದನ್ನೂ ಹೇಳಿದಳು. ಆ ಭಾನುವಾರ ಅವರು ನನ್ನ ಕೇಳಿದ್ದು ಅದನ್ನೇ, ನಾನು ಹೇಳಲಿಲ್ಲ ಎಂದಳು.

ಕರಿಯಮ್ಮನ ಕೈಯ ದೊಣ್ಣೆ ನಿಂತಿತು. "ನಂಗೂ ಹೇಳಿದ್ದ," ಎಂದಳು ಅವಳು, ಹುರುಳಿಯ ಕಡೆ ನೋಡುತ್ತ. "ಎಲ್ಲಾದ್ರೂ ಉಳಿದ್ರೆ ಉಳೀಲಿ ಅಂತ ನಾನೂ ಸುಮ್ಕಿದ್ದೆ." ಮತ್ತೆ ಬಡಿಯತೊಡಗಿದಳು.

ನಯನ ಮಾತ್ರ ಪೆನ್ನು ಕೆಳಗಿಡದೆ ಅವಳನ್ನೇ ನೋಡುತ್ತಿದ್ದಳು.

"ಇದನ್ನ ಈಗ್ಯಾಕೆ ಬಂದು ಹೇಳ್ದೆ?" ಎಂದು ಕೇಳಿದಳು. "ನಿನ್ನ ಭಾರ ಇಳೀತು. ನಾನೆಲ್ಲಿ ಇಳಿಸ್ಲಿ? ಅತ್ತು ಕರೀದಿದ್ರೆ ಅಪ್ಪ ಇಲ್ಲೇ ಇರ್ತಿತ್ತು ಅಂತ ಇನ್ಮೇಲೆ ದಿನಾ ಅನ್ಕೋಬೇಕಲ್ಲ ನಾನು."

ನಯನ ಎದ್ದು ಅರ್ಜಿ ಹಿಡಿದುಕೊಂಡು ಒಳಗೆ ಹೋಗಿಬಿಟ್ಟಳು. ಕರಿಯಮ್ಮ ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ಬಿಸಿಲಲ್ಲಿ ಬಂದವರನ್ನು ಹಾಗೇ ಕಳಿಸಬಾರದೆಂಬ ಮರ್ಯಾದೆಗೆ ಕೊಟ್ಟಳೇ ವಿನಾ ಅದರಲ್ಲಿ ಬೇರೆ ಅರ್ಥವಿರಲಿಲ್ಲ. ಕುಡಿಯುವುದು ಕಷ್ಟವಾಯಿತು, ಆದರೂ ಕುಡಿದು ಬಂದಳು.

ಆಮೇಲಿನ ಒಂದು ತಿಂಗಳು ತನುಜಾ ವ್ಯಾನಿನ ಕಡೆ ಹೋಗಲಿಲ್ಲ. ಪುಸ್ತಕವನ್ನೂ ಸರಿಯಾಗಿ ತೆರೆಯಲಿಲ್ಲ. ಅಂಗಡಿಯಲ್ಲಿ ಅಪ್ಪ ಡಾಕ್ಟ್ರು ಅಂದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಒಂದು ದಿನ ತಡೆಯಲಾರದೆ, ಹಾಗೆ ಕರೀಬೇಡಿ ಅಪ್ಪಾಜಿ ಎಂದು ಗಿರಾಕಿಗಳ ಮುಂದೆಯೇ ಅಂದುಬಿಟ್ಟಳು. ರುದ್ರಮೂರ್ತಿಗಳಿಗೆ ಮುಖಭಂಗವಾದರೂ ಏನೋ ಆಗಿದೆಯೆಂದು ಅರಿತರು. ಅವತ್ತು ಊಟಕ್ಕೆ ಕೂತಾಗ ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವರು ಕೇಳಿ, ತುತ್ತು ಕೈಯಲ್ಲೇ ಹಿಡಿದು, ತಮ್ಮಯ್ಯ ನನಗೂ ಗೊತ್ತಿದ್ದವನು, ಅಂಗಡಿಗೆ ಬರ್ತಿದ್ದ ಎಂದಷ್ಟೇ ಹೇಳಿದರು. ಅಂದಿನಿಂದ ಅವರು ಅವಳನ್ನು ಹೆಸರು ಹಿಡಿದೇ ಕರೆದರು.

ಅವಳು ವ್ಯಾನಿಗೆ ಮರಳಿದ್ದು ಶರ್ಮಿಳಾಳಿಂದ. ಆ ತರೀಕೆರೆಯ ಅಜ್ಜಿ ತೀರಿಕೊಳ್ಳುವ ಮುಂಚೆ ಎರಡು ಸಲ, ಬೇಲಿ ಹಿಡ್ಕೊಂಡು ನಿಂತಿದ್ದ ಹುಡುಗಿ ಎಲ್ಲಿ ಎಂದು ಕೇಳಿದ್ದಳಂತೆ. ಅದನ್ನು ಶರ್ಮಿಳಾ ಫೋನಿನಲ್ಲಿ ಹೇಳಿ, ಬಾ ಎಂದಾಗಲಿ ಬೇಡ ಎಂದಾಗಲಿ ಅನ್ನದೆ ಇಟ್ಟುಬಿಟ್ಟಳು. ಮಂಗಳವಾರ ತನುಜಾ ಹೋಗಿ ವ್ಯಾನು ಹತ್ತಿದಳು. ಮಲ್ಲಿಕಾಂಬ ಏನೂ ನಡೆದೇ ಇಲ್ಲವೆಂಬಂತೆ ಬ್ಯಾಗು ಅವಳ ಕೈಗೆ ಕೊಟ್ಟರು.

ಏಪ್ರಿಲಿನಲ್ಲಿ ಅಂತರಘಟ್ಟೆಯ ಗಿಡ್ಡಪ್ಪನೆಂಬವನ ಮನೆಗೆ ಹೋದರು. ಎಪ್ಪತ್ತು ದಾಟಿದ ಮುದುಕ, ಪಿತ್ತಕೋಶದಲ್ಲಿ ಗಡ್ಡೆ, ಮೈಯೆಲ್ಲ ಅರಿಶಿನದ ಹಾಗೆ ಹಳದಿ. ಮಕ್ಕಳು ಮೂವರೂ, ಇನ್ನು ಒದ್ದಾಡಿಸುವುದು ಬೇಡ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದು ತೀರ್ಮಾನ ಮಾಡಿಕೊಂಡಿದ್ದರು. ತನುಜಾಗೂ ಅದೇ ಸರಿ ಅನ್ನಿಸಿತು. ತಮ್ಮಯ್ಯನ ಐಸಿಯು ಕಂಡಿದ್ದವಳಿಗೆ ಬೇರೆ ಹೇಗೆ ಅನ್ನಿಸೀತು. ಆದರೂ ಮಕ್ಕಳು ಮಲ್ಲಿಕಾಂಬ ಜೊತೆ ಹೊರಗೆ ಮಾತಾಡುತ್ತಿದ್ದಾಗ ಅವಳು ಮುದುಕನ ಪಕ್ಕ ಕೂತು, ಅಜ್ಜ, ನಿಮಗೇನು ಬೇಕು ಅಂತ ಕೇಳಿದಳು. ಅವನು ಬೇಗ ಉತ್ತರ ಕೊಡಲಿಲ್ಲ. ಅವಳೂ ಮುಂದಿನ ಪ್ರಶ್ನೆಗೆ ಹೋಗಲಿಲ್ಲ. ಕಡೆಗೆ ಗಿಡ್ಡಪ್ಪ ಅಂದ:

"ಬೆಂಗಳೂರಾಗೆ ಆಪರೇಶನ್ ಅಂದಿದ್ರು. ನಂಗೆ ಮಾಡಿಸ್ಕಳಾ ಆಸೆ ಅದೆ. ಈ ಹುಡುಗ್ರು ಕೇಳ್ನೇ ಇಲ್ಲ."

ಬೇಡ ಅಜ್ಜ, ಅಲ್ಲಿ ಏನಾಗುತ್ತೆ ಗೊತ್ತಾ ಎಂಬ ಮಾತು ತನುಜಾಳ ನಾಲಗೆಯ ತುದಿಗೆ ಬಂತು. ನುಂಗಿಕೊಂಡಳು. ಹೊರಗೆ ಬಂದು, ಮೂವರು ಮಕ್ಕಳ ಎದುರಿಗೇ, ಅಜ್ಜನ ಮಾತನ್ನು ಅವನು ಅಂದ ಹಾಗೇ ಡಾಕ್ಟರಿಗೆ ಹೇಳಿದಳು. ದೊಡ್ಡ ಮಗ ಸಿಡುಕಿದ. ಮಲ್ಲಿಕಾಂಬ ಒಳಗೆ ಹೋಗಿ ಮಂಚದ ಮೇಲೆ ಕೂತು, ಆಪರೇಶನ್ನಿನಲ್ಲಿ ಉಳಿಯುವುದು ಎಷ್ಟು, ಹೋಗುವುದು ಎಷ್ಟು ಎಂದು ಮುದುಕನಿಗೆ ಅರ್ಧ ಗಂಟೆ ಬಿಡಿಸಿ ಹೇಳಿದರು. ಅವನು ಕೇಳಿಸಿಕೊಂಡು, ಹೋಗ್ತೀನಿ ಎಂದೇ ಅಂದ. ಹೋದ. ಆಪರೇಶನ್ ಆದ ನಾಲ್ಕನೆಯ ದಿನ ಅಲ್ಲೇ ತೀರಿಕೊಂಡ. ಸುದ್ದಿ ಬಂದಾಗ ತನುಜಾ ಒಂದು ಕಡೆ ಕೂತು ಅತ್ತಳು. ಆದರೆ ಈ ಅಳು ತಮ್ಮಯ್ಯನಿಗೆ ಅತ್ತ ಅಳುವಿನ ಹಾಗಿರಲಿಲ್ಲ; ಅತ್ತ ಮೇಲೆ ಅವಳಿಗೆ ನಿದ್ದೆ ಬಂತು.

ಮೇ ತಿಂಗಳಲ್ಲಿ ಪರೀಕ್ಷೆ ಬರೆದಳು. ಹಾಸನದ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ರುದ್ರಮೂರ್ತಿಗಳು ಅಂಗಡಿಗೆ ಬಂದವರಿಗೆಲ್ಲ ಪೇಡ ಕೊಟ್ಟರೂ ಯಾಕೆಂದು ಜೋರಾಗಿ ಹೇಳಲಿಲ್ಲ. ಟ್ರಸ್ಟಿನವರು ಒಂದು ಸಣ್ಣ ಸನ್ಮಾನ ಇಟ್ಟುಕೊಂಡು, ಡಾಕ್ಟರಾಗುವ ಆಸೆ ಹೇಗೆ ಹುಟ್ಟಿತು, ಎರಡು ಮಾತಾಡು ಎಂದರು. ಅವಳು ಎದ್ದು ನಿಂತಳು. ಜೀವ ಉಳಿಸಲು ಎಂದು ಹೇಳಬೇಕೆಂದು ಬರೆದುಕೊಂಡು ಹೋಗಿದ್ದಳು. ಹೇಳಲಾಗಲಿಲ್ಲ. ಎಲ್ಲರಿಗೂ ನಮಸ್ಕಾರ ಎಂದು ಕೂತಳು. ನಾಚಿಕೆ ಹುಡುಗಿ ಎಂದು ಜನ ನಕ್ಕು ಚಪ್ಪಾಳೆ ತಟ್ಟಿದರು.

ಕಾಲೇಜಿಗೆ ಹೊರಟ ದಿನ ಅಪ್ಪ ಕಡೂರಿನವರೆಗೆ ಜೊತೆಗೆ ಬಂದರು. ಹಾಸನದ ಬಸ್ಸಿಗೆ ಹೊತ್ತಿದೆಯೆಂದು ಅವರು ನೀರಿನ ಬಾಟಲಿ ತರಲು ಹೋದಾಗ, ಬಸ್‌ಸ್ಟ್ಯಾಂಡಿನ ಆ ಕಡೆ ಬೆಂಚಿನಿಂದ ಎದ್ದು ಬರುತ್ತಿದ್ದವಳನ್ನು ತನುಜಾ ಕಂಡಳು. ನಯನ. ಮೈ ಇಳಿದಿತ್ತು. ಈಗ ಕಡೂರಿನಲ್ಲೇ ಒಂದು ಅಂಗಡಿಯಲ್ಲಿ ಕೆಲಸ, ಅವ್ವನನ್ನೂ ಇಲ್ಲಿಗೇ ಕರಕೊಂಡು ಬಂದಿದೀನಿ ಎಂದಳು. ಪೆಟ್ಟಿಗೆಯ ಕಡೆ ನೋಡಿ, ಎಲ್ಲಿಗೆ ಎಂದು ಕೇಳಿದಳು. ತನುಜಾ ಹೇಳಿದಳು. ಹೇಳುವಾಗ ತಲೆ ತಗ್ಗಿತು.

ಪಕ್ಕದಲ್ಲಿ ಬೀರೂರಿನ ಬಸ್ಸಿನವನು ಕೂಗುತ್ತಿದ್ದ.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ನಂಗೆ," ಎಂದಳು ನಯನ. "ಹೋಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಒಂದ್ಮಾತು. ಮುಂದೆ ನಿನ್ನ ಹತ್ರ ಯಾರಾದ್ರೂ ಅಪ್ಪನ ಹಂಗೆ ಹೇಳಿದ್ರೆ, ಅದನ್ನ ಅವರ ಮಕ್ಕಳಿಗೆ ಹೇಳು. ನಮ್ಮಂಥೋರು ಅತ್ರೂ ಹೇಳು. ಕೈಮುಗಿದ್ರೂ ಹೇಳು."

"ಹೇಳ್ತೀನಿ," ಎಂದಳು ತನುಜಾ.

ನಯನ ತಲೆಯಾಡಿಸಿದಳು. ಅಂಗಡಿಗೆ ಹೊತ್ತಾಯಿತೆಂದು ಹೊರಟಳು. ರಸ್ತೆ ದಾಟುವವರೆಗೂ ತನುಜಾ ಅವಳನ್ನು ನೋಡುತ್ತಲೇ ಇದ್ದಳು. ಅವಳು ಹಿಂತಿರುಗಲಿಲ್ಲ. ಅಪ್ಪ ನೀರು ತಂದು, ಯಾರಮ್ಮ ಅದು ಎಂದು ಕೇಳಿದರು. ತಮ್ಮಯ್ಯನ ಮಗಳು ಎಂದಳು. ಅವರು ಮತ್ತೇನೂ ಕೇಳದೆ ಪೆಟ್ಟಿಗೆ ಎತ್ತಿಕೊಂಡು ಬಸ್ಸಿನ ಕಡೆ ನಡೆದರು.